ಬೇಲಿಯ ಮೇಲೆ ಒಣಗುತ್ತಿದ್ದ ಬೆಲ್ಟು

ನಮ್ಮ ಯಜಮಾನರ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪಗಿತ್ತು. ಮೊಣಕೈಯಿಂದ ಕೆಳಗೆ ಅದು ಬೇರೆ ಯಾರದೋ ಕೈ ಅನ್ನಿಸುತ್ತಿತ್ತು. ಟ್ರೈಲರಿನ ಮೇಲೆ ಟ್ರಾನ್ಸ್‌ಫಾರ್ಮರೋ ಬಾಯ್ಲರೋ ಕೂತು ಹೊರಟರೆ ಅವರು ಅದರ ಮುಂದೆ ಜೀಪು ಓಡಿಸುತ್ತಾ, ಬಲಗೈಯನ್ನು ಹೊರಗೆ ಚಾಚಿ, ಎದುರು ಬರುವ ಬಸ್ಸು ಲಾರಿಗಳನ್ನೆಲ್ಲ ಪಕ್ಕಕ್ಕೆ ಸರಿಸುತ್ತಾ ಹೋಗುತ್ತಿದ್ದರು. ಬೀರೂರಿನಿಂದ ಅಜ್ಜಂಪುರ ತಲುಪುವವರೆಗೂ ಆ ಕೈ ಒಳಗೆ ಬರುತ್ತಿರಲಿಲ್ಲ. ಬಿಸಿಲೆಲ್ಲ ಅದೊಂದರ ಮೇಲೇ ಬೀಳುತ್ತಿತ್ತು.

ಬೀರೂರಿನಿಂದ ಕಡೂರಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ಅವರ ಯಾರ್ಡು. ಬಾಡಿಗೆಗೆ ಹೋಗುವ ಒಂದೆರಡು ಕ್ರೇನು, ಒಂದು ಟ್ರೈಲರು, ಮೂಲೆಯಲ್ಲಿ ತಗಡಿನ ಆಫೀಸು. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಫೋನು ತೆಗೆಯುವುದಕ್ಕೆ ಇಟ್ಟುಕೊಂಡರು. ಮೊದಲ ದಿನ ಕಲಿಸಿದ ಪಾಠವೇ ಸುಳ್ಳಿನದು. ಕ್ರೇನು ತರೀಕೆರೆಯಲ್ಲಿ ಕೆಸರಲ್ಲಿ ಹೂತಿದ್ದರೂ ಕೇಳಿದವರಿಗೆ 'ಆಗಲೇ ಬಿಟ್ಟಿದೆ, ದಾರಿಯಲ್ಲಿದೆ' ಎನ್ನಬೇಕಂತೆ. ಮೂಗಿನ ತುದಿಯಲ್ಲೇ ಸಿಟ್ಟು. ಕಾಫಿಗೆ ಸಕ್ಕರೆ ಕಡಿಮೆಯಾದರೂ ಬೈಗುಳ, ಹೆಚ್ಚಾದರೂ ಬೈಗುಳ. ಬೈದ ಮೇಲೆ ತಾವೇ ಹೋಗಿ ಬನ್ನು ತರುತ್ತಿದ್ದರು.

ಅವರ ಜೀವವೆಲ್ಲ ಇದ್ದದ್ದು ಬೆಲ್ಟುಗಳಲ್ಲಿ. ಭಾರಕ್ಕೆ ಸುತ್ತಿ ಕ್ರೇನಿನ ಕೊಕ್ಕೆಗೆ ಸಿಕ್ಕಿಸುವ, ಅಂಗೈ ಅಗಲದ ಗಟ್ಟಿ ಪಟ್ಟಿಗಳವು. ದಿನಾ ಬೆಳಿಗ್ಗೆ ಒಂದೊಂದನ್ನೂ ಬೆರಳ ಸಂದಿಯಲ್ಲಿ ಎಳೆದು, ಸೊಪ್ಪು ಸೋಸುವ ಹೆಂಗಸರಂತೆ ನೋಡುತ್ತಿದ್ದರು. ಎಲ್ಲಾದರೂ ದಾರ ಕಿತ್ತಿದ್ದರೆ ಅಲ್ಲೇ ಚಾಕು ತೆಗೆದು ತುಂಡು ತುಂಡು ಮಾಡುತ್ತಿದ್ದರು. ಟ್ರ್ಯಾಕ್ಟರಿಗೆ ಕಟ್ಟಿಕೊಳ್ಳುತ್ತೇವೆ ಕೊಡಿ ಎಂದು ಬೇಡಿದವರಿಗೂ ಕೊಡುತ್ತಿರಲಿಲ್ಲ. ಜಿಪುಣ ಎಂದು ಹೆಸರು ಬಂತು. ನಾನೊಮ್ಮೆ ಕೇಳಿದ್ದಕ್ಕೆ, "ಕೊಟ್ರೆ ನಾಳೆ ಅದ್ರಾಗೆ ಏನ್ನಾರ ಎತ್ತಾಕೆ ಹೋಯ್ತಾನೆ ಕಣಮ್ಮ. ಬಿದ್ರೆ ಯಾರ ಮ್ಯಾಲೆ ಬೀಳ್ತೈತೋ" ಎಂದರು.

ಹೆದ್ದಾರಿಯಲ್ಲಿ ಲಾರಿ ಮಗುಚಿ ಒಳಗೆ ಜನ ಸಿಕ್ಕಿಕೊಂಡರೆ ಮೊದಲ ಫೋನು ನಮಗೇ ಬರುತ್ತಿತ್ತು. ಅದಕ್ಕೆ ಮಾತ್ರ ಸುಳ್ಳು ಇರಲಿಲ್ಲ. ತಿನ್ನುತ್ತಿದ್ದ ಮುದ್ದೆ ಬಿಟ್ಟು ಎದ್ದು ಹೋಗುತ್ತಿದ್ದರು. ಬದುಕಿದ್ದವರನ್ನೂ ಎತ್ತಿದರು, ಸತ್ತವರನ್ನೂ ಎತ್ತಿದರು. ವಾಪಸು ಬಂದವರು ಬೆಲ್ಟನ್ನು ಸೋಪು ಹಾಕಿ ತಾವೇ ತಿಕ್ಕಿ ತೊಳೆದು ಯಾರ್ಡಿನ ತಂತಿ ಬೇಲಿಯ ಮೇಲೆ ಹರವುತ್ತಿದ್ದರು. ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೆಲ್ಲ ಅದು ಕಾಣುತ್ತಿತ್ತು. ಬೇಲಿಯ ಮೇಲೆ ಬೆಲ್ಟಿದ್ದರೆ ಯಾರೋ ಹೋದರು ಎಂದು ಜನ ತಿಳಿದುಕೊಳ್ಳುತ್ತಿದ್ದರು.

ಅಜ್ಜಂಪುರದಾಚೆ ಅವರ ತಾಯಿಯ ತವರೂರು. ಅಲ್ಲಿಯ ಗುಡಿಯ ಮುಂದೆ ಒಂದೇ ಕಲ್ಲಿನ ದೀಪದ ಕಂಬ ನಿಲ್ಲಿಸುವುದೆಂದಾಯಿತು. ಗುಡಿ ಸಮಿತಿಗೆ ಅವರ ಸೋದರಮಾವನೇ ಹಿರಿಯ. ಅಳಿಯನ ಕ್ರೇನು, ಅಳಿಯನ ಟ್ರೈಲರು. ಯಜಮಾನರು ಅವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಫೋಟೋ ತೆಗೆಯಲಿ ಎಂದು ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋದರು.

ಕ್ರೇನಿನ ಆಪರೇಟರ್ ಬೆಲ್ಟು ಇಳಿಸಿದ್ದೇ ತಡ, ಸೋದರಮಾವ ಅಡ್ಡ ಬಂದರು. ಹಿಂದಿನ ವಾರ ಬಸ್ಸಿನಲ್ಲಿ ಹೋಗುವಾಗ ಅದನ್ನು ಬೇಲಿಯ ಮೇಲೆ ಕಂಡಿದ್ದರಂತೆ. ಹೆಣ ಎತ್ತಿದ ಬೆಲ್ಟು ದೇವರ ಕಂಬಕ್ಕೆ ತಾಗಕೂಡದು. ಅದಕ್ಕೆಂದೇ ಊರವರು ಸ್ನಾನ ಮಾಡಿ, ಮಡಿಯಲ್ಲಿ ಕೂತು, ತೆಂಗಿನ ನಾರಿನ ಹೊಸ ಹಗ್ಗ ಹೊಸೆದು ಅರಿಸಿನ ಹಚ್ಚಿ ಇಟ್ಟಿದ್ದರು. ಹಗ್ಗ ನೋಡುವುದಕ್ಕೆ ಚೆನ್ನಾಗಿಯೇ ಇತ್ತು.

ಯಜಮಾನರು ಅದನ್ನು ಬೆರಳಲ್ಲಿ ಎಳೆದು ನೋಡಿದರು. "ಮಾವ, ಇದು ಎತ್ತು ಕಟ್ಟೋ ಹಗ್ಗ. ಕಂಬ ತಡೆಯಾಕಿಲ್ಲ" ಎಂದರು. ಯಾರ್ಡಿನಲ್ಲಿ ಹೆಣ ಎತ್ತದ ಬೆಲ್ಟೇ ಇರಲಿಲ್ಲ. ಹೊಸ ಬೆಲ್ಟು ತರಿಸುತ್ತೇನೆ, ಒಂದು ದಿನ ಕೊಡಿ ಎಂದು ಕೇಳಿದರು. ನಾನು ಅಲ್ಲಿಂದಲೇ ಶಿವಮೊಗ್ಗದ ಅಂಗಡಿಗೆ ಫೋನು ಮಾಡಿದೆ, ನಾಳೆ ಕೊಡುತ್ತೇವೆಂದರು. ಮುಹೂರ್ತ ನಾಳೆಗೆ ಕಾಯುವುದಿಲ್ಲ ಎಂದಿತು ಸಮಿತಿ. ಯಜಮಾನರು ಆಪರೇಟರಿಗೆ ಗಾಡಿ ತಿರುಗಿಸು ಎಂದು ಕೈ ತೋರಿಸಿದರು. ಹೊರಟೇಬಿಟ್ಟಿದ್ದೆವು.

ಆಗ ಸೋದರಮಾವ ಎಲ್ಲರಿಗೂ ಕೇಳುವಂತೆ ಹೇಳಿದರು, "ನಿಮ್ಮವ್ವ ಹುಟ್ಟಿದ ಊರು ಕಣೋ ಇದು. ಅವ್ಳಿದ್ದಿದ್ರೆ ದ್ಯಾವ್ರ ಕಂಬ ಮಲಗಿಸಿ ಹಿಂಗೆ ಎದ್ದೋಗಾಕೆ ಬಿಡ್ತಿದ್ಲಾ?"

ಯಜಮಾನರು ಜೀಪಿನಿಂದ ಇಳಿದರು. ಆ ಒಂದು ಮಾತಿಗೆ ಅಷ್ಟು ವರ್ಷದ ಶಿಸ್ತು ಸೋತಿತು. ಹಗ್ಗವನ್ನು ನಾಲ್ಕು ಮಡಿಕೆ ಮಾಡಿ ಸುತ್ತಿಸಿದರು, ಕಲ್ಲಿನ ಅಂಚಿಗೆ ಗೋಣಿಚೀಲ ಕೊಟ್ಟರು, ಜನರನ್ನು ಬೈದು ಬೈದು ದೂರ ಓಡಿಸಿದರು. ಕಂಬದ ಬುಡವನ್ನು ಗುಂಡಿಗೆ ತಿರುಗಿಸಲು ಒಬ್ಬರು ಹತ್ತಿರ ನಿಲ್ಲಲೇಬೇಕಾಗುತ್ತದೆ. ಅಲ್ಲಿಗೆ ಬೇರೆ ಯಾರನ್ನೂ ಬಿಡದೆ ತಾವೇ ನಿಂತರು.

ಕಂಬ ಅರ್ಧ ಎದ್ದಿತ್ತು. ಡೊಳ್ಳಿನವರು ಶುರು ಮಾಡಿದ್ದರು. ಗೋಣಿಚೀಲ ಜಾರಿ ಹಗ್ಗ ಕಲ್ಲಿನ ಅಂಚಿಗೆ ಉಜ್ಜಿದ್ದು ನನಗೆ ಕಂಡಿತು, ಅವರಿಗೂ ಕಂಡಿರಬೇಕು. ಹಿಂದಕ್ಕೆ ಸರಿಯುವಷ್ಟರಲ್ಲಿ ಹಗ್ಗ ಕಿತ್ತು ಕಂಬ ಅವರ ಬಲಗೈ ಮೇಲೆ ಬಿತ್ತು. ಜನ ಓಡಿ ಬಂದರು. ಓಡಿ ಬಂದವರಲ್ಲಿ ಹೆಚ್ಚಿನವರು ಮೊದಲು ನೋಡಿದ್ದು ಕಲ್ಲು ಬಿರುಕು ಬಿಟ್ಟಿತೇ ಎಂದು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಯಾರು ಇಲ್ಲವೆಂದರೂ ಒಪ್ಪುವುದಿಲ್ಲ.

ಕಂಬವನ್ನು ಅವರ ಮೇಲಿಂದ ಎತ್ತಿದ್ದು ಅದೇ ಬೆಲ್ಟು. ಅದನ್ನು ಎತ್ತಿ ಆಪರೇಟರಿನ ಕೈಗೆ ಕೊಟ್ಟವರು ಸೋದರಮಾವ. ಆಗ ಮೈಲಿಗೆ ಯಾರ ಬಾಯಲ್ಲೂ ಬರಲಿಲ್ಲ. ಆಮೇಲೆ ಶಿವಮೊಗ್ಗದ ಕ್ರೇನು ಬಂದು ಕಂಬ ನಿಲ್ಲಿಸಿತು. ಆ ಕ್ರೇನಿನ ಬೆಲ್ಟು ಏನೇನು ಎತ್ತಿತ್ತೆಂದು ಯಾರೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಕೈ ತೆಗೆದರು. ಅವರು ಯಾರ್ಡಿಗೆ ಬರುವ ಹೊತ್ತಿಗೆ ಊರಿನ ಮಾತು ಅವರಿಗಿಂತ ಮೊದಲೇ ಬಂದು ಕೂತಿತ್ತು. ಹೆಣ ಎತ್ತಿದ ಕೈಯನ್ನು ದೇವರೇ ತೆಗೆದುಕೊಂಡಿತಂತೆ. ಹಗ್ಗದ ಸುದ್ದಿ ಎಲ್ಲೂ ಇಲ್ಲ. ನಾನು ಕಂಡಕಂಡವರ ಹತ್ತಿರ ಜಗಳ ಆಡಿದೆ. ಯಜಮಾನರು ಮೊದಮೊದಲು ನಕ್ಕರು, ಆಮೇಲೆ ನಗುವುದು ಬಿಟ್ಟರು. ಒಂದು ದಿನ ತರೀಕೆರೆ ಕಡೆಯಿಂದ ಅಪಘಾತದ ಫೋನು ಬಂದಾಗ ಕ್ರೇನಿಲ್ಲ ಅನ್ನು ಎಂದರು. ಕ್ರೇನು ಕಣ್ಣೆದುರೇ ನಿಂತಿತ್ತು.

ಹಗ್ಗ ಕಿತ್ತಿದ್ದು ನೀವೇ ನೋಡಿದಿರಲ್ಲ ಎಂದು ನಾನು ರೇಗಿದೆ. ಅವರು ಬೇಲಿಯ ಕಡೆ ತಿರುಗಿದರು.

"ಹಗ್ಗ ಕಿತ್ತಿದ್ದು ನಂಗೂ ಗೊತ್ತು ಕಣಮ್ಮ. ಆದ್ರೂ ಅಷ್ಟು ಜನ ಒಂದೇ ಮಾತ ಹೇಳೋವಾಗ..."

ಅವರಿಂದ ಕಿತ್ತುಕೊಂಡದ್ದು ಕೈಯೊಂದನ್ನೇ ಅಲ್ಲ ಎಂದು ನನಗೆ ಅವತ್ತು ತಿಳಿಯಿತು. ಆಮೇಲೆ ಬೆಳಿಗ್ಗೆ ಬೆಲ್ಟು ನೋಡುವುದನ್ನೂ ಆಪರೇಟರಿಗೆ ಬಿಟ್ಟರು. ತಾವು ಮುಟ್ಟುತ್ತಿರಲಿಲ್ಲ. ಬೈಗುಳವೂ ನಿಂತಿತು. ಸಕ್ಕರೆಯಿಲ್ಲದ ಕಾಫಿ ಕೊಟ್ಟು ನೋಡಿದೆ, ಸುಮ್ಮನೆ ಕುಡಿದರು.

ಮರುವರ್ಷದ ಬೇಸಿಗೆಯಲ್ಲಿ ಎದೆನೋವು ಬಂತು. ಆಸ್ಪತ್ರೆಗೆ ಹೊರಡುವ ಮುಂಚೆ ಹೆಂಡತಿಗೆ ಹೇಳಿದ್ದು ಒಂದೇ ಮಾತು, "ಹೆಚ್ಚುಕಮ್ಮಿ ಆದ್ರೆ ಹಂಡೆ ತುಂಬ ನೀರು ಕಾಯ್ಸು. ನನ್ನ ಎತ್ತಿದೋರು ಮೈಲಿಗೇಲಿ ಮನೆಗೆ ಹೋಗೋದು ಬ್ಯಾಡ."

ಆಕೆ ಅಳುತ್ತಲೇ ಯಾರ್ಡಿನಲ್ಲಿ ಒಲೆ ಹೂಡಿ ನೀರು ಕಾಯಿಸಿದರು. ಹೆಗಲು ಕೊಟ್ಟವರು ಆಪರೇಟರು, ಲಾರಿಯವರು, ಹೆದ್ದಾರಿಯಲ್ಲಿ ಅವರು ಜೀವಂತ ಎಳೆದು ತೆಗೆದ ಒಬ್ಬ ಡ್ರೈವರು. ಸೋದರಮಾವ ಹಾರ ಹಾಕಿ ದೂರ ನಿಂತಿದ್ದರು, ಚಟ್ಟ ಮುಟ್ಟಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಹಂಡೆಯ ಹತ್ತಿರ ಎಲ್ಲರಿಗಿಂತ ಮೊದಲು ಬಂದು ನಿಂತವರೂ ಅವರೇ. ನೀರು ತೋಡಿಕೊಡಲು ಚೊಂಬು ಹಿಡಿದು ನಿಂತಿದ್ದ ನನ್ನ ಕಡೆಗೆ, ಕೊಡಮ್ಮ ಎಂದು ಕೈ ನೀಡಿದರು.

ನಾನು ಕೊಡಲಿಲ್ಲ.