ಉಗುರತ್ತೆ ಸಹಿ ಹಾಕದ ದಿನ

ವಾಟರ್ ಪೋಲೊ ಆಟದಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ. ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ತರಬೇತಿ ಕೊಟ್ಟವರ ಭಾವಚಿತ್ರ ಗೋಡೆಗೆ ಏರುತ್ತದೆ. ಶಿಳ್ಳೆ ಊದಿದ ರೆಫರಿಯನ್ನು ಸೋತ ತಂಡದವರಾದರೂ ಬಹುಕಾಲ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಆಟಗಾರ್ತಿಯರು ನೀರಿಗಿಳಿಯುವ ಮೊದಲು ಅವರ ಕೈಗಳನ್ನು ಒಂದೊಂದಾಗಿ ಹಿಡಿದು ನೋಡಿ ಕಳಿಸುವವರನ್ನು ಕುರಿತು ಯಾರೂ ಬರೆದಂತಿಲ್ಲ. ಮೂವತ್ತೆಂಟು ವರ್ಷ ಆ ಕೆಲಸವನ್ನು ಮಾಡಿ ಈ ತಿಂಗಳು ನಿವೃತ್ತರಾಗುತ್ತಿರುವ ಮಾನ್ಯ ಮಹಿಳೆಯೊಬ್ಬರ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕರು ಕೇಳಿದರು. ನನಗಿಂತ ಅರ್ಹರು ಇದ್ದಾರೆಂದು ತಿಳಿದೂ ಒಪ್ಪಿಕೊಂಡೆ. ಅವರಿಗೆ ಸಲ್ಲಬೇಕಾದ ಒಂದು ಮಾತು ನನ್ನಲ್ಲೇ ಹದಿನೇಳು ವರ್ಷದಿಂದ ಉಳಿದುಬಿಟ್ಟಿದೆ.

ಈ ಆಟವನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಒಂದೊಂದು ಕಡೆಗೆ ಏಳೇಳು ಮಂದಿ. ಕಾಲು ತಳಕ್ಕೆ ಊರುವಂತಿಲ್ಲ. ಮೇಲಿನಿಂದ ನೋಡುವವರಿಗೆ ಬಣ್ಣದ ಟೋಪಿಗಳೂ ಒಂದು ಚೆಂಡೂ ಕಾಣುತ್ತವೆ. ನಿಜವಾದ ಜಗಳವೆಲ್ಲ ನೀರಿನ ಕೆಳಗೆ. ಅಲ್ಲಿ ಬೆಳೆದ ಒಂದು ಉಗುರು ಚಾಕುವಿಗೆ ಸಮ. ಆದಕಾರಣ ಪ್ರತಿ ಪಂದ್ಯಕ್ಕೆ ಮೊದಲು ಕೈಕಾಲುಗಳ ಉಗುರು ನೋಡಬೇಕು, ಮೈಗೆ ಎಣ್ಣೆ ಸವರಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಓಲೆ ಬಳೆಗಳನ್ನು ತೆಗೆಸಬೇಕು ಎಂಬ ನಿಯಮವಿದೆ. ನೋಡಿದವರು ಪಟ್ಟಿಯಲ್ಲಿ ಹೆಸರಿನ ಮುಂದೆ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಯಾರೂ ನೀರಿಗಿಳಿಯುವಂತಿಲ್ಲ.

ನಮ್ಮ ಮಾನ್ಯರು ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದವರು. ಮಗ್ಗದಿಂದ ಬಂದ ಬಟ್ಟೆಯನ್ನು ಮೇಜಿನ ಮೇಲೆ ಹಾಯಿಸಿ, ಅಂಗೈಯಿಂದ ಸವರಿ ಗಂಟು, ಎಳೆ ತಪ್ಪಿದ್ದನ್ನು ಹುಡುಕುವುದು ಅವರ ಕಸುಬು. ಗಿರಣಿಯ ಹುಡುಗಿಯರ ತಂಡದ ಜೊತೆ ಕಾವಲಿಗೆಂದು ಒಮ್ಮೆ ಈಜುಕೊಳಕ್ಕೆ ಬಂದರು; ಆ ದಿನ ಉಗುರು ನೋಡುವವರು ಬಂದಿರಲಿಲ್ಲ; ಇವರನ್ನು ಕೂರಿಸಿದರು. ಅಂದು ಕೂತವರು ಮತ್ತೆ ಏಳಲಿಲ್ಲ. ಮೊಣಕಾಲಿಗಿಂತ ಮೇಲೆ ನೀರಿಗಿಳಿದವರಲ್ಲ, ಈಜು ಇಂದಿಗೂ ಬಾರದು. "ನನಗ್ಯಾಕೆ ಈಜು? ಅಡುಗೆ ಭಟ್ಟ ಹಂಡೆಯೊಳಗೆ ಇಳೀತಾನಾ?" ಎಂದು ಕೇಳುತ್ತಿದ್ದರು.

ಅವರು ಕೆಲಸ ಮಾಡುವ ರೀತಿಯೇ ಬೇರೆ. ಇತರರು ಕಣ್ಣಿನಿಂದ ನೋಡಿ ಬಿಡುತ್ತಿದ್ದರು. ಇವರು ತಮ್ಮ ತೋಳಿನ ಒಳಭಾಗವನ್ನು ಮುಂದೆ ಚಾಚಿ, "ಗೀರು" ಎನ್ನುತ್ತಿದ್ದರು. ಹುಡುಗಿ ಹತ್ತು ಬೆರಳಿನಿಂದಲೂ ಆ ತೋಳನ್ನು ಗೀರಬೇಕು. ಚುರುಕ್ ಎಂದರೆ ಮತ್ತೆ ಅರ ಹಿಡಿದು ಉಗುರನ್ನು ಉಜ್ಜುವರು. ನಾಲ್ಕು ಪಂದ್ಯಗಳ ದಿನವಾದರೆ ಸಂಜೆಗೆ ಅವರ ತೋಳು ಬಿಳಿ ಗೆರೆಗಳಿಂದ ತುಂಬಿರುತ್ತಿತ್ತು. ಹುಡುಗಿಯರು ಅವರಿಗೆ ಉಗುರತ್ತೆ ಎಂದು ಹೆಸರಿಟ್ಟಿದ್ದರು. "ಅತ್ತೆ ಬಂದ್ರು, ಕೈ ಬಚ್ಚಿಟ್ಕೊಳ್ರೇ" ಎಂದು ಒಬ್ಬಳೆಂದರೆ, "ಬಚ್ಚಿಟ್ಕೋ ತಾಯಿ, ಕಾಲು ಎಲ್ಲಿ ಬಚ್ಚಿಡ್ತೀಯೋ ನೋಡ್ತೀನಿ" ಎಂದು ಇವರು. ಹೊರದೇಶದ ತಂಡಗಳವರಿಗೆ ಮಾತು ತಿಳಿಯದಿದ್ದರೂ ಆ ಚಾಚಿದ ತೋಳು ತಿಳಿಯುತ್ತಿತ್ತು. ಮೊದಲ ಪಂದ್ಯಕ್ಕೆ ಬಂದು ನಡುಗುತ್ತಿದ್ದ ಹುಡುಗಿಯ ಕೈಯನ್ನು ಅವರು ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿರುತ್ತಿದ್ದುದನ್ನು ನಾನು ಹಲವು ಸಲ ಕಂಡಿದ್ದೇನೆ.

ನಾನು ಅದೇ ಕೊಳದಲ್ಲಿ ಗಡಿಯಾರದ ಮುಂದೆ ಕೂರುತ್ತಿದ್ದವನು. ಚೆಂಡು ಕೈಗೆ ಬಂದ ತಂಡ ಮೂವತ್ತು ಸೆಕೆಂಡಿನೊಳಗೆ ಗೋಲಿನತ್ತ ಎಸೆಯಬೇಕು; ಆ ಮೂವತ್ತನ್ನು ಎಣಿಸುವುದು ನನ್ನ ಕೆಲಸ. ಅವರು ನನ್ನನ್ನು ಗಡಿಯಾರದಣ್ಣ ಎಂದು ಕರೆಯುವರು. ನನ್ನ ಒಬ್ಬಳೇ ಮಗಳು ಅದೇ ನೀರಿನಲ್ಲಿ ಬೆಳೆದು ಇಪ್ಪತ್ತೆರಡನೆಯ ವಯಸ್ಸಿಗೆ ದೇಶದ ತಂಡದ ಗೋಲ್ ಕೀಪರ್ ಆದಳು. ಅವಳು ಆಡುವ ದಿನ ನಾನು ಗಡಿಯಾರ ಮುಟ್ಟುವಂತಿರಲಿಲ್ಲ. ಪ್ರೇಕ್ಷಕರ ನಡುವೆ ಕೂತು ದೇವರನ್ನು ನೆನೆಯುತ್ತಿದ್ದೆ.

ಆ ವರ್ಷ ಐದು ದೇಶಗಳ ಮಹಿಳಾ ತಂಡಗಳ ಪಂದ್ಯಾವಳಿ ನಡೆಯಿತು. ಒಂದೊಂದು ದೇಶದಲ್ಲಿ ಒಂದೊಂದು ಸುತ್ತು, ಆರು ತಿಂಗಳ ಋತು, ಕೊನೆಯ ಸುತ್ತು ನಮ್ಮ ಕೊಳದಲ್ಲಿ. ಪರೀಕ್ಷಕರಾಗಿ ಉಗುರತ್ತೆಯವರೂ ಎಲ್ಲ ಸುತ್ತುಗಳಿಗೆ ಹೋಗಿದ್ದರು. ನಾಲ್ಕು ಸುತ್ತು ಮುಗಿದಾಗ ನಮ್ಮ ತಂಡ ಮೊದಲ ಸ್ಥಾನದಲ್ಲಿತ್ತು. ಇನ್ನೊಂದು ಪಂದ್ಯ ಗೆದ್ದರೆ ನಮ್ಮ ಹುಡುಗಿಯರಿಗೆ ಮೊದಲ ಬಾರಿ ವಿಶ್ವಮಟ್ಟದ ಪಂದ್ಯಾವಳಿಗೆ ಹೋಗುವ ಅವಕಾಶ. ಆ ಒಂದು ಪಂದ್ಯಕ್ಕಾಗಿ ನಾನು ನಲವತ್ತು ದಿನ ಒಂದು ಹೊತ್ತು ಉಪವಾಸವಿದ್ದು ಪ್ರಾರ್ಥಿಸಿದ್ದೆ.

ಪಂದ್ಯಕ್ಕೆ ಮುಕ್ಕಾಲು ಗಂಟೆಯಿದ್ದಾಗ ತಂಡದ ತರಬೇತಿದಾರರು ಓಡಿಬಂದು, ನಿಮ್ಮ ಮಗಳಿಗೆ ಸಹಿ ಹಾಕುತ್ತಿಲ್ಲ, ಬನ್ನಿ ಎಂದರು. ಬಟ್ಟೆ ಬದಲಿಸುವ ಕೋಣೆಗೂ ಕೊಳಕ್ಕೂ ನಡುವಿನ ಪರೀಕ್ಷೆಯ ಕೋಣೆಗೆ ಇಳಿದೆ. ಮಗಳು ಕೆಂಪು ಟೋಪಿ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ಉಗುರತ್ತೆ ಅವಳ ತೋರುಬೆರಳಿನ ಮೇಲೆ ಅರವನ್ನು ಅಳತೆಪಟ್ಟಿಯಂತೆ ಉದ್ದಕ್ಕೆ ಇಟ್ಟು ನೋಡುತ್ತಿದ್ದರು.

"ಉಗುರು ಉದ್ದ ಇದೆಯಾ?" ಎಂದು ಕೇಳಿದೆ.

"ಇಲ್ಲ."

"ಎಣ್ಣೆ ಹಚ್ಚಿದ್ದಾಳಾ?"

"ಇಲ್ಲ ಗಡಿಯಾರದಣ್ಣ. ಇಲ್ಲಿ ನೋಡಿ. ಎಲ್ರ ಬೆರಳಲ್ಲೂ ಉಗುರಿನ ಬುಡ ಸ್ವಲ್ಪ ತಗ್ಗಿರುತ್ತೆ, ಅರ ಇಟ್ರೆ ಕೆಳಗೆ ಸಂದು ಕಾಣುತ್ತೆ. ಇವಳದ್ದು ಉಬ್ಬಿದೆ. ಅರ ತೂಗಾಡ್ತಾ ಇದೆ. ಮೊದಲ ಸುತ್ತಲ್ಲಿ ಹೀಗಿರಲಿಲ್ಲ. ಮೂರನೇದ್ರಲ್ಲಿ ಅನುಮಾನ ಬಂತು. ಈಗ ಹತ್ತೂ ಬೆರಳು ಹಾಗೇ ಆಗಿದೆ, ಬಣ್ಣವೂ ನೀಲಿ."

"ಚೆಂಡು ತಡೆದು ತಡೆದು ದಪ್ಪ ಆಗಿದೆ ಅತ್ತೆ, ನಾನೇ ಹೇಳಿದ್ನಲ್ಲ" ಎಂದಳು ಮಗಳು.

"ಇಪ್ಪತ್ತೊಂದು ವರ್ಷದಿಂದ ಕೀಪರ್‌ಗಳ ಕೈ ನೋಡ್ತಿದ್ದೀನಿ ಕಂದ. ಚೆಂಡು ಬೆರಳು ಮುರಿಯುತ್ತೆ, ಉಗುರು ಬಗ್ಗಿಸಲ್ಲ."

"ಇದಕ್ಕೆ ನಿಯಮ ಎಲ್ಲಿದೆ?" ಎಂದೆ.

"ಇಲ್ಲ. ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ, ಸಹಿ ಹಾಕ್ತೀನಿ."

"ನೀವೇನು ಡಾಕ್ಟರಾ? ಬಟ್ಟೆ ನೋಡೋರು ಬಟ್ಟೆ ನೋಡಿ."

ಇದನ್ನು ನಾನು ಹತ್ತು ಜನರೆದುರಿಗೆ ಆಡಿದೆ. ಅವರು ತಲೆ ತಗ್ಗಿಸಿ ಪಟ್ಟಿಯಲ್ಲಿ ಮುಂದಿನ ಹೆಸರು ಕರೆದರು. ಸಹಿ ಹಾಕಲಿಲ್ಲ. ಎರಡನೆಯ ಕೀಪರ್ ನೀರಿಗಿಳಿದಳು. ನಮ್ಮವರು ಎರಡು ಗೋಲಿನಿಂದ ಸೋತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಸಂಜೆಯೇ ನಾನು ಸಂಘಕ್ಕೆ ದೂರು ಬರೆದೆ: ಪರೀಕ್ಷಕರು ತಮಗಿಲ್ಲದ ಅಧಿಕಾರವನ್ನು ಚಲಾಯಿಸಿದ್ದಾರೆ, ಇವರನ್ನು ಅಂತರರಾಷ್ಟ್ರೀಯ ಪಂದ್ಯಗಳಿಂದ ದೂರವಿಡಬೇಕು.

ಪತ್ರವನ್ನು ಅಂಚೆಗೆ ಹಾಕಿ ಬಂದಾಗ ನನ್ನಾಕೆ ಮಗಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಅವರು ಹುಡುಗಿ ಕೈ ನೋಡಿದ್ದಾರೆ, ನೀವು ಅಂಕಪಟ್ಟಿ ನೋಡಿದ್ದೀರಿ. ಬೆಳಿಗ್ಗೆ ಆಸ್ಪತ್ರೆಗೆ ನಡೀರಿ" ಎಂದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ದಿನವೂ ಅದೇ ಕೈಗೆ ಊಟ ಬಡಿಸುತ್ತಿದ್ದ ನಮಗೆ ಬೇಕಾಯಿತು.

ಒಂಬತ್ತನೆಯ ದಿನ ವೈದ್ಯರು ನಮ್ಮನ್ನು ಕೂರಿಸಿಕೊಂಡು ಹೇಳಿದರು. ಶ್ವಾಸಕೋಶದ ರಕ್ತನಾಳಗಳಲ್ಲಿ ದೋಷವಿದೆ. ರಕ್ತ ಉಸಿರನ್ನು ಮುಟ್ಟದೆಯೇ ಹಾದುಹೋಗುತ್ತಿದೆ. ಬೆರಳುಗಳು ಉಬ್ಬಿದ್ದು ಅದರಿಂದ. ಕೀಪರ್ ಹೆಚ್ಚು ದೂರ ಈಜುವುದಿಲ್ಲವಾದ್ದರಿಂದ ಏದುಸಿರು ಯಾರ ಗಮನಕ್ಕೂ ಬಂದಿಲ್ಲ. "ಇನ್ನೊಂದು ಪಂದ್ಯ ಆಡಿದ್ದರೆ?" ಎಂದು ನನ್ನಾಕೆ ಕೇಳಿದಳು. "ಆ ಪ್ರಶ್ನೆ ಬೇಡಮ್ಮ, ಆಡಲಿಲ್ಲವಲ್ಲ" ಎಂದರು ಅವರು.

ದೂರಿನ ವಿಚಾರಣೆ ನಡೆದದ್ದು ಅದಾದ ಮೂರು ವಾರಕ್ಕೆ. ಅಷ್ಟರಲ್ಲಿ ನನಗೆ ಎಲ್ಲವೂ ತಿಳಿದಿತ್ತು. ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಮಗಳ ಶಸ್ತ್ರಚಿಕಿತ್ಸೆಯ ನೆವ ಇತ್ತು; ಒಳಗಿದ್ದದ್ದು ನಾಚಿಕೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂಬ ಗಾದೆಯನ್ನು ನಾನು ಇತರರಿಗೆ ಎಷ್ಟೋ ಸಲ ಹೇಳಿದ್ದವನು. ಅವರೂ ತಮ್ಮ ಪರವಾಗಿ ಏನೂ ಹೇಳಲಿಲ್ಲವಂತೆ. ರೋಗದ ವಿಷಯ ಹುಡುಗಿಯ ಸ್ವಂತದ್ದು, ಸಭೆಯಲ್ಲಿ ಆಡುವುದಲ್ಲ ಎಂದು ಸುಮ್ಮನಿದ್ದರು. ಸಂಘವು ಅವರ ಹೆಸರನ್ನು ಅಂತರರಾಷ್ಟ್ರೀಯ ಪಟ್ಟಿಯಿಂದ ತೆಗೆಯಿತು. ಆಮೇಲಿನ ಹದಿನೇಳು ವರ್ಷ ಅವರು ಊರಿನ ಪಂದ್ಯಗಳಿಗಷ್ಟೇ ಕೂತರು. ಅವರ ಕೈಕೆಳಗೆ ಕಲಿತವರು ದೇಶದೇಶ ಸುತ್ತಿದರು.

ಇನ್ನು ಆಟವಿಲ್ಲವೆಂದು ತಿಳಿದ ಮಗಳು ಎರಡು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಒಂದು ಮಧ್ಯಾಹ್ನ ಉಗುರತ್ತೆ ಗಿರಣಿಯ ಕೆಲಸ ಮುಗಿಸಿ ನೇರವಾಗಿ ನಮ್ಮ ಮನೆಗೆ ಬಂದರು. ನಾನು ಒಳಗೆ ಹೋಗಿ ಕೂತೆ. ಮಾತು ಮಾತ್ರ ಕೇಳಿಸುತ್ತಿತ್ತು.

"ಕೊಳದಲ್ಲಿ ಒಂಬತ್ತು ಪುಟ್ಟ ಕೀಪರ್‌ಗಳಿದ್ದಾರೆ. ಚೆಂಡು ಬಂದ್ರೆ ಕಣ್ಣು ಮುಚ್ಕೋತಾರೆ. ನೀನು ಬಂದು ದಡದಲ್ಲಿ ನಿಂತ್ಕೊಂಡು ಬೈಯಿ."

"ನನಗೆ ಉಸಿರು ಸಾಲಲ್ಲ ಅತ್ತೆ."

"ಬೈಯೋಕೆ ಎಷ್ಟು ಉಸಿರು ಬೇಕೇ? ಈಗ ನನ್ನ ಮೇಲೆ ರೇಗಿದ್ಯಲ್ಲ, ಅಷ್ಟು ಸಾಕು."

ಮಗಳು ನಕ್ಕದ್ದು ಕೇಳಿಸಿತು. ಮರುವಾರದಿಂದ ಕೊಳಕ್ಕೆ ಹೋದಳು. ಹದಿನಾರು ವರ್ಷ ದಡದ ಮೇಲೆ ನಿಂತು ಕೀಪರ್‌ಗಳನ್ನು ತಯಾರು ಮಾಡಿದಳು. ಮೂರು ಮಂದಿ ದೇಶದ ತಂಡಕ್ಕೆ ಹೋದರು. ಮದುವೆಯಾದಳು, ತನ್ನದೇ ಮನೆ ಮಾಡಿದಳು, ನಮ್ಮೊಡನೆ ವಾರಕ್ಕೆರಡು ಸಲ ಜಗಳವಾಡಿದಳು. ಕಳೆದ ವರ್ಷ ಶ್ವಾಸಕೋಶ ಕೈಬಿಟ್ಟಿತು. ಭಗವಂತನ ಇಚ್ಛೆ ಎಂದು ಬರೆಯಲು ನನ್ನ ಲೇಖನಿ ಇನ್ನೂ ಪೂರ್ತಿ ಒಪ್ಪುವುದಿಲ್ಲ. ಒಪ್ಪುವಂತೆ ಮಾಡೆಂದು ಅವನನ್ನೇ ಬೇಡುತ್ತಿದ್ದೇನೆ. ಆದರೆ ಈ ಹದಿನಾರು ವರ್ಷಗಳು ಯಾರ ಕೈಯಿಂದ ನಮಗೆ ಬಂದವು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ಪಂದ್ಯ ಆಡಿಸು ಎಂದು ನಲವತ್ತು ದಿನ ನಾನು ದೇವರನ್ನು ಕೇಳಿದ್ದೆ. ಅವನು ನನ್ನ ಮಾತು ಕೇಳಲಿಲ್ಲ. ಅದಕ್ಕಾಗಿ ಈಗ ದಿನವೂ ಕೈಮುಗಿಯುತ್ತೇನೆ.

ಆದ್ದರಿಂದ ಈ ಗ್ರಂಥವನ್ನು ಓದುವ ಎಲ್ಲರ ಸಮಕ್ಷಮದಲ್ಲಿ, ಅಂದು ನಾನು ಬರೆದ ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಸಂಘದ ಕಾರ್ಯದರ್ಶಿಗಳಿಗೂ ಪ್ರತ್ಯೇಕ ಪತ್ರ ಕೊಟ್ಟಿದ್ದೇನೆ. ನಿವೃತ್ತಿಯ ಹೊಸ್ತಿಲಲ್ಲಿ ಇದರಿಂದ ಅವರಿಗೆ ಯಾವ ಪ್ರಯೋಜನವೂ ಇಲ್ಲವೆಂಬುದು ನನಗೆ ಗೊತ್ತು. ತಪ್ಪಿದ ಊರುಗಳನ್ನು ಯಾರೂ ತಂದುಕೊಡಲಾರರು. ಆದರೂ ಅವರ ಹೆಸರಿನ ಮುಂದೆ ನಾನು ಎಳೆದ ಗೆರೆ ಉಳಿಯಬಾರದು.

ಇಷ್ಟು ಬರೆದು, ಅಚ್ಚಿಗೆ ಕೊಡುವ ಮೊದಲು ಅವರ ಮನೆಗೆ ಹೋಗಿ ಓದಿ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಒರೆಸುತ್ತಾ ನಿಂತು ಕೇಳಿದರು. ಓದಿ ಮುಗಿಸಿದ ಮೇಲೆ ಪಾತ್ರೆಯನ್ನು ಕೆಳಗಿಟ್ಟರು.

"ದೂರಿನ ವಿಷಯ ತೆಗೆದುಬಿಡಿ" ಎಂದರು.

"ತೆಗೆಯಲ್ಲ."

"ಹಟ ಬಿಡಲ್ಲ ನೀವು. ಹೋಗ್ಲಿ. ಅವಳ ಆಟದ ವಿಷಯ ಒಂದು ಸಾಲೂ ಬರೆದಿಲ್ಲವಲ್ಲ."

"ಇದು ನಿಮ್ಮ ಗ್ರಂಥ ಅಲ್ವಾ."

"ನಾನು ಅವಳ ಆಟ ನೋಡೇ ಇಲ್ಲ ಅಣ್ಣ. ಯಾರ ಆಟವೂ ನೋಡಿಲ್ಲ. ಹೊರಗೆ ಪಂದ್ಯ ನಡೀವಾಗ ನಾನು ಒಳಗೆ ಮುಂದಿನ ತಂಡದ ಕೈ ನೋಡ್ತಾ ಇರ್ತೀನಿ. ಗದ್ದಲ ಮಾತ್ರ ಕೇಳುತ್ತೆ. ಅವಳು ಹೇಗೆ ತಡೀತಿದ್ಲು, ಅದನ್ನ ಬರೀರಿ. ನಾನು ಓದ್ಬೇಕು."

ಆದಕಾರಣ, ತಂಗೀ, ಇದು ನಿಮಗಾಗಿ.

ಆ ವರ್ಷದ ಪಂದ್ಯಾವಳಿ, ಎರಡನೆಯ ಸುತ್ತಿನ ಮೊದಲ ಪಂದ್ಯ; ನೋಡಲು ನಾನೂ ಆ ದೇಶಕ್ಕೆ ಹೋಗಿದ್ದೆ. ನಾವು ಒಂದು ಗೋಲು ಮುಂದಿದ್ದೆವು, ಹತ್ತೊಂಬತ್ತು ಸೆಕೆಂಡು ಬಾಕಿ. ನಮ್ಮವಳೊಬ್ಬಳು ತಪ್ಪು ಮಾಡಿ ಎದುರಾಳಿಗಳಿಗೆ ಐದು ಮೀಟರಿನಿಂದ ನೇರ ಎಸೆತ ಸಿಕ್ಕಿತು. ನಡುವೆ ಯಾರೂ ಇರುವಂತಿಲ್ಲ. ಎಸೆಯುವವಳು ಮತ್ತು ಕೀಪರ್. ಮಗಳು ಗೋಲಿನ ಗೆರೆಯ ಮೇಲೆ ಕುತ್ತಿಗೆವರೆಗೆ ಮುಳುಗಿ, ಕೈಗಳನ್ನು ನೀರಿನ ಮೇಲೆ ಹಗುರವಾಗಿ, ಯಾರದೋ ಮಗುವನ್ನು ಮಲಗಿಸಿ ಕೈ ಹಿಂದಕ್ಕೆ ತೆಗೆಯುವವಳಂತೆ ಇಟ್ಟುಕೊಂಡಿದ್ದಳು. ಶಿಳ್ಳೆಯಾಯಿತು. ಸೊಂಟದವರೆಗೆ ನೀರಿನಿಂದ ಮೇಲೆದ್ದಳು. ಕಾಲೂರಲು ನೆಲವಿಲ್ಲದ ಕಡೆ ಮನುಷ್ಯರಾದವರು ಹಾಗೆ ಏಳುವುದನ್ನು ನಾನು ಆಮೇಲೆ ಕಂಡಿಲ್ಲ. ಚೆಂಡು ಎಡಗೈಗೆ ಬಡಿದು ಮೇಲಿನ ಕಂಬಕ್ಕೆ ತಗಲಿ ಗೆರೆಯ ಮುಂದೆಯೇ ಬಿತ್ತು. ಅದನ್ನು ಅಂಗೈಯಿಂದ ನೀರಿಗೆ ಒತ್ತಿ ಹಿಡಿದು, ಬಾಯಿಯ ನೀರು ಉಗುಳಿ, ತನ್ನ ತಂಡದವರಿಗೆ "ಮಲಗಿದ್ದೀರೇನ್ರೇ? ಹೋಗಿ ಮುಂದೆ" ಎಂದು ಕೂಗಿದಳು. ಪ್ರೇಕ್ಷಕರೆಲ್ಲ ಎದ್ದು ನಿಂತರು. ನೀವು ಒಳಗೆ ಕೇಳಿದ ಗದ್ದಲ ಅದೇ.

ಸಂಘವು ಹೊಸಬರಿಗೆ ಕೆಲಸ ಕಲಿಸಲು ನಿಮ್ಮನ್ನು ಕೇಳಿಕೊಂಡಿದೆ ಎಂದು ತಿಳಿದು ಸಂತೋಷವಾಯಿತು. ಕಲಿಸಿರಿ, ನಿಯಮದಲ್ಲಿ ಇಲ್ಲದ್ದನ್ನೂ ಕಲಿಸಿರಿ. ಬಿಡುವಾದಾಗ ಹೊರಗೆ ಬಂದು ದಡದ ಮೆಟ್ಟಿಲ ಮೇಲೆ ಕೂತು, ನಾಲ್ಕು ಭಾಗಗಳ ಒಂದು ಪೂರ್ತಿ ಪಂದ್ಯವನ್ನು ಕಣ್ತುಂಬ ನೋಡಿರಿ. ನನ್ನ ಮಗಳಿಗೆ ನೀವು ಕೊಡಿಸಿದ ಹದಿನಾರು ವರ್ಷಗಳನ್ನು ದೇವರು ಎರಡರಷ್ಟು ಮಾಡಿ ನಿಮಗೆ ಕೊಡಲಿ. ಈ ಸಲ ನನ್ನ ಪ್ರಾರ್ಥನೆಯನ್ನು ಅವನು ಹಾಗೆಯೇ ಕೇಳಲಿ.