ಅಳತೆಗೆ ನಿಂತವಳು

ಬೀದಿಯ ಮಕ್ಕಳು ಅವನಿಗೆ ಮರದ ಮಾಮ ಎಂದು ಹೆಸರಿಟ್ಟು ಇಪ್ಪತ್ತು ವರ್ಷವಾದರೂ ಆಗಿರಬೇಕು. ಹೊಟ್ಟೆಪಾಡಿಗೆ ಅವನು ಫೋಟೋ ತೆಗೆಯುತ್ತಿದ್ದುದು ಮಾತ್ರ ಮನುಷ್ಯರ ಮುಖಗಳದ್ದೇ. ಬಸ್ ನಿಲ್ದಾಣದ ಎದುರಿಗೆ ಸ್ಟುಡಿಯೋ. ಒಳಗೆ ಒಂದು ನೀಲಿ ಪರದೆ, ಒಂದು ಸ್ಟೂಲು, ಯಾರೂ ಎತ್ತಿಕೊಂಡು ಹೋಗದಿರಲೆಂದು ಬಾಚಣಿಗೆಯನ್ನು ದಾರ ಹಾಕಿ ಕಟ್ಟಿದ ಕನ್ನಡಿ. "ಗಲ್ಲ ಸ್ವಲ್ಪ ಕೆಳಗೆ, ಹಾಂ, ಹಾಗೇ" ಎಂದು ವಾರವಿಡೀ ಹೇಳಿ ಹೇಳಿ, ಭಾನುವಾರ ಬಂತೆಂದರೆ ಇನ್ನು ಯಾವ ಮುಖವೂ ಬೇಡಪ್ಪಾ ಅನ್ನಿಸುತ್ತಿತ್ತು. ಹಳೆಯ ರೀಲ್ ಕ್ಯಾಮೆರಾ ಹೆಗಲಿಗೇರಿಸಿ, ಮೂರು ಕಾಲಿನ ಸ್ಟ್ಯಾಂಡು ಹಿಡಿದು ಊರಾಚೆಯ ಗುಡ್ಡಕ್ಕೆ ಹೊರಟುಬಿಡುತ್ತಿದ್ದ. ಮರಗಳು ಕಣ್ಣು ಮಿಟುಕಿಸುವುದಿಲ್ಲ, ನನ್ನನ್ನು ಯಾಕೆ ಕಪ್ಪಗೆ ಮಾಡಿದೆ ಎಂದು ಜಗಳಕ್ಕೂ ಬರುವುದಿಲ್ಲ.

ಹೆಂಡತಿಯೂ ಜೊತೆಗೆ ಹೋಗುತ್ತಿದ್ದಳು. ಅವಳು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಬೆಳಕು ತಾಗದ ಹಾಗೆ ರೀಲು ಬಿಚ್ಚಲು ಎರಡು ಪದರದ ಕಪ್ಪು ಬಟ್ಟೆಯ ಚೀಲ ಹೊಲಿದು, ಅದಕ್ಕೆ ಕೈ ತೂರಿಸಲು ಎರಡು ತೋಳನ್ನೂ ಇಟ್ಟುಕೊಟ್ಟವಳು ಅವಳೇ. ಗುಡ್ಡದ ಮೇಲೆ ಅವಳಿಗೆ ಇದ್ದದ್ದು ಒಂದೇ ಕೆಲಸ: ಮರದ ಬುಡಕ್ಕೆ ಹೋಗಿ ನಿಲ್ಲುವುದು. ಅವಳ ಮುಖ ನೋಡಿ ಅವನು ಫೋಕಸ್ ಹಿಡಿಯುತ್ತಿದ್ದ, ಅವಳ ಎತ್ತರದ ಮೇಲೆ ಮರದ ಎತ್ತರ ಅಂದಾಜು ಮಾಡುತ್ತಿದ್ದ. ಆಮೇಲೆ "ಸರಿ, ಈಗ ಪಕ್ಕಕ್ಕೆ ಬಾ" ಅನ್ನುತ್ತಿದ್ದ. ಅವಳು ಪಕ್ಕಕ್ಕೆ ಬಂದ ಮೇಲೆಯೇ ಫೋಟೋ. ಮೂವತ್ತು ವರ್ಷ ಹೀಗೇ ನಡೆಯಿತು. ಮನೆಯ ಗೋಡೆಯ ತುಂಬ ಮರಗಳಿದ್ದವು. ಅವಳು ಒಂದರಲ್ಲೂ ಇರಲಿಲ್ಲ.

ಅವಳ ಎಡಗೆನ್ನೆಯೊಳಗೆ ಗಂಟು ಕಾಣಿಸಿಕೊಂಡಾಗ ಅವನಿಗೆ ಅರವತ್ತೆರಡು. ಸ್ಟುಡಿಯೋ ಮುಚ್ಚಿ ಎರಡು ವರ್ಷವಾಗಿತ್ತು, ಮಂಡಿ ಸವೆದಿತ್ತು, ಗುಡ್ಡ ಹತ್ತದೆ ಎಷ್ಟೋ ತಿಂಗಳಾಗಿತ್ತು. ಆಪರೇಷನ್‌ನಲ್ಲಿ ದವಡೆಯ ಒಂದು ಭಾಗ ತೆಗೆಯಬೇಕಾಗುತ್ತದೆ, ಮುಖ ಮೊದಲಿನ ಹಾಗೆ ಇರುವುದಿಲ್ಲ ಎಂದರು ಡಾಕ್ಟರು. ಸೋಮವಾರ ಬೆಳಿಗ್ಗೆ ಏಳಕ್ಕೆ ದಾಖಲಾಗಬೇಕಿತ್ತು.

ಭಾನುವಾರ ಮಧ್ಯಾಹ್ನ ಅವಳು ಹೊಲಿಗೆ ಮಷೀನಿಗೆ ಬಟ್ಟೆ ಮುಚ್ಚುತ್ತಾ, "ರೀ, ಇವತ್ತು ಗುಡ್ಡಕ್ಕೆ ಹೋಗೋಣ" ಅಂದಳು.

"ನಿನಗೇನು ತಲೆ ಕೆಟ್ಟಿದೆಯಾ? ನಾಳೆ ಆಸ್ಪತ್ರೆ."

"ಅದಕ್ಕೇ ಹೇಳ್ತಿರೋದು. ಈ ಮುಖ ಇರೋದು ಇವತ್ತೊಂದೇ ದಿನ."

"ಮಗಳು ಮೊಬೈಲಲ್ಲಿ ತೆಗೆದಿದ್ದಾಳಲ್ಲೇ."

"ಅದು ಡಾಕ್ಟ್ರಿಗೆ ತೋರಿಸೋಕೆ ಆಯ್ತು. ಮುಳ್ಳುಕಂಟಿನೆಲ್ಲ ಆ ಕ್ಯಾಮೆರಾದಲ್ಲಿ ತೆಗೆದಿದ್ದೀರಿ. ನಾನೇನು ಮುಳ್ಳುಕಂಟಿಗಿಂತ ಕಡೆನಾ?"

ಅವನು ಎದ್ದು ಫ್ರಿಜ್ಜು ತೆರೆದ. ಟೊಮೇಟೊ ಹಿಂದೆ, ಕೆಡದಿರಲೆಂದು ಇಟ್ಟಿದ್ದ ಒಂದೇ ಒಂದು ರೀಲು ಉಳಿದಿತ್ತು. ಅದನ್ನು ಊಟದ ಮೇಜಿನ ಮೇಲೆ ಕ್ಯಾಮೆರಾಕ್ಕೆ ತುಂಬಿದ. ಅಷ್ಟರಲ್ಲಿ ಮಗಳ ಫೋನು: ಹಳೆಯ ರಿಪೋರ್ಟು ಮರೀಬೇಡಿ, ಎರಡು ಜೊತೆ ಬಟ್ಟೆ ಇಟ್ಕೊಳ್ಳಿ. ಹೂಂ ಹೂಂ ಅನ್ನುತ್ತಲೇ ಕ್ಯಾಮೆರಾದ ಮುಚ್ಚಳ ಹಾಕಿದ. ನಿಜ ಹೇಳಬೇಕೆಂದರೆ ಅವನಿಗೆ ಭಯವಾಗಿತ್ತು.

ಗುಡ್ಡ ಹತ್ತುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಯಿತು. ಹತ್ತು ಹೆಜ್ಜೆಗೊಮ್ಮೆ ಅವನು ನಿಂತ, ಇಪ್ಪತ್ತು ಹೆಜ್ಜೆಗೊಮ್ಮೆ ಅವಳು ಕೂತಳು. ತುದಿಯಲ್ಲಿ ಒಂಟಿ ಆಲದ ಮರ, ಅದರ ಮೇಲೆ ಇಳಿಬಿಸಿಲು. ಅವಳು ರೂಢಿಯಂತೆ ಬುಡಕ್ಕೆ ಹೋಗಿ ನಿಂತಳು. ಅವನು ಫೋಕಸ್ ಹಿಡಿದ. ಬಾಯಿ ತನ್ನಷ್ಟಕ್ಕೆ ತಾನೇ "ಸರಿ, ಈಗ ಪಕ್ಕಕ್ಕೆ ಬಾ" ಅಂದುಬಿಟ್ಟಿತು.

"ಅಯ್ಯೋ ನಿಮ್ಮ! ಇವತ್ತೂ ಪಕ್ಕಕ್ಕೇನಾ?" ಅವಳು ಕೆನ್ನೆ ಹಿಡಿದುಕೊಂಡು ನಕ್ಕಳು.

ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆಮೇಲೆ ತೆಗೆದ, ತೆಗೆದ, ತೆಗೆಯುತ್ತಲೇ ಹೋದ. ಬೇರಿನ ಮೇಲೆ ಕೂರಿಸಿ, ಬಿಳಲು ಹಿಡಿಸಿ, ಎಡಗಡೆಯಿಂದ, ಬಲಗಡೆಯಿಂದ. ಮೂವತ್ತಾರನೆಯ ಫೋಟೋಗೆ ರೀಲು ಮುಗಿದು, ಅದನ್ನು ಮುಂದಕ್ಕೆಳೆಯುವ ಸನ್ನೆ ಗಟ್ಟಿಯಾಗಬೇಕಿತ್ತು. ಆಗಲಿಲ್ಲ. ಮೂವತ್ತೇಳು, ಮೂವತ್ತೆಂಟು, ಸಲೀಸಾಗಿ ತಿರುಗಿತು. ಮುಚ್ಚಳ ತೆರೆದರೆ ರೀಲಿನ ತುದಿ ಉರುಳೆಗೆ ಕಚ್ಚಿಕೊಂಡೇ ಇರಲಿಲ್ಲ. ಅಣಕಿಸುವ ನಾಲಿಗೆಯ ಹಾಗೆ ಹೊರಗೆ ಬಿದ್ದಿತ್ತು. ಒಂದು ಫೋಟೋವೂ ಬಂದಿರಲಿಲ್ಲ. ತುಂಬಿದ ಮೇಲೆ, ರೀಲು ಸರಿಯುತ್ತಿದ್ದರೆ ತಾನೂ ತಿರುಗುವ ಎಡಗಡೆಯ ಗುಂಡಿ ತಿರುಗುತ್ತಿದೆಯೇ ಎಂದು ನೋಡುವುದನ್ನು ಮೂವತ್ತು ವರ್ಷದಲ್ಲಿ ಒಂದೇ ಒಂದು ಮರಕ್ಕೂ ಅವನು ಮರೆತವನಲ್ಲ.

ತಲೆ ಮೇಲೆ ಕೈ ಹೊತ್ತು ಕುಳಿತುಬಿಟ್ಟ. ಬಿಸಿಲು ಹೋಗಿತ್ತು.

ಅವಳು ಹತ್ತಿರ ಬಂದಳು. ವಿಷಯ ಕೇಳಿ ಕ್ಯಾಮೆರಾದೊಳಗೆ ಇಣುಕಿದಳು. "ರೀಲು ಹಾಗೇ ಇದೆಯಲ್ಲ?"

"ಇದೆ. ಬೆಳಕೆಲ್ಲಿದೆ? ಇದು ನಿಧಾನದ ರೀಲು ಕಣೇ. ಈಗ ತೆಗೆದರೆ ಎರಡು ಸೆಕೆಂಡು ಕ್ಯಾಮೆರಾ ತೆರೆದೇ ಇರಬೇಕು. ಮನುಷ್ಯರು ಅಲುಗಿಬಿಡ್ತಾರೆ."

"ಮರ ನಿಲ್ಲೋದನ್ನ ಮೂವತ್ತು ವರ್ಷ ನೋಡಿದ್ದೀನಿ. ಏಳಿ ಏಳಿ, ನನಗೂ ಸುಸ್ತಾಗಿದೆ."

ಅವನು ರೀಲಿನ ತುದಿ ಸಿಕ್ಕಿಸಿದ. ಎಡಗಡೆಯ ಗುಂಡಿ ತಿರುಗುವುದನ್ನು ಎರಡು ಸಲ ನೋಡಿದ. ಅವಳು ಬುಡಕ್ಕೆ ಹೋಗಿ ಬೆನ್ನನ್ನು ಕಾಂಡಕ್ಕೆ ಆನಿಸಿ ನಿಂತಳು. ಮೊದಲನೆಯದಕ್ಕೆ ಅವಳಿಗೆ ನಗು ಬಂತು. ಎರಡನೆಯದಕ್ಕೆ ಕೈ ಕೆನ್ನೆಗೆ ಹೋಯಿತು. ಮೂರನೆಯದಕ್ಕೆ ಅವನು "ಉಸಿರು ಹಿಡಿ" ಅಂದ, ತಾನೂ ಹಿಡಿದ. ಆ ಹೊತ್ತಿಗೇ ಸುಂಯ್ಯೆಂದು ಗಾಳಿ ಬೀಸಿತು. ಗಾಳಿಗೆ ಶಾಪ ಹಾಕುತ್ತಲೇ ಅವನು ಸ್ಟ್ಯಾಂಡು ಮಡಿಸಿದ. ಮಿಕ್ಕ ರೀಲಿಗೆ ಬೆಳಕು ಉಳಿದಿರಲಿಲ್ಲ.

ಆಪರೇಷನ್ ಆಗಿ ಹನ್ನೆರಡನೆಯ ದಿನ ಅವಳು ಮನೆಗೆ ಬಂದಳು. ಎಡಗೆನ್ನೆ ಒಳಕ್ಕೆ ಸರಿದು ತುಟಿ ಓರೆಯಾಗಿತ್ತು, ಮಾತು ಸ್ಪಷ್ಟವಿರಲಿಲ್ಲ. ಅವನು ಬಚ್ಚಲುಮನೆಯಲ್ಲಿ ತೊಳೆದು ಒಣಗಿಸಿದ ಮೂರನೆಯ ಪ್ರಿಂಟನ್ನು ಅವಳ ಕೈಗಿಟ್ಟ. ಗಾಳಿಗೆ ಎಲೆಗಳೆಲ್ಲ ಕಲಸಿಹೋಗಿದ್ದವು, ಬಿಳಲುಗಳು ಹೊಗೆಯ ಹಾಗೆ ತೇಲಿದ್ದವು. ಅದರ ನಡುವೆ ಅವಳು ಕಣ್ಣಿನ ಕೆಳಗಿನ ಗೆರೆಯೂ ಕಾಣುವಷ್ಟು ಸ್ಪಷ್ಟವಾಗಿ ನಿಂತಿದ್ದಳು.

ಅವಳು ಬಹಳ ಹೊತ್ತು ನೋಡಿದಳು. ಫೋಟೋದವನ ಹೆಂಡತಿಯಲ್ಲವೇ, ತಪ್ಪು ಕಣ್ಣಿಗೆ ಬೀಳದೆ ಇರುತ್ತದೆಯೇ.

"ಮರ ಅಲುಗಿಬಿಟ್ಟಿದೆಯಲ್ರೀ" ಎಂದು ತೊದಲಿದಳು.

"ಅಲುಗಲಿ ಬಿಡು" ಅಂದ ಅವನು, ಗೋಡೆಯಿಂದ ಒಂದು ಮರವನ್ನು ಕೆಳಗಿಳಿಸುತ್ತಾ.