ಹೊಳೆಯ ದಾರಿಯಲ್ಲಿ ಹಿಡಿದ ಕೈ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ, ನಡೆದದ್ದನ್ನು ನಡೆದ ಹಾಗೆ ಬರೆಯುವುದಷ್ಟೇ ನನಗೆ ಸಾಧ್ಯ.

ಎಂ.ಎ. ಮುಗಿದ ಮೇಲೆ ನಾನು ಸಂಶೋಧನೆಗೆ ಆರಿಸಿಕೊಂಡದ್ದು ದೂರದ, ಕಷ್ಟದ ಪ್ರಯಾಣಗಳನ್ನು. ಹಿಮದ ಬಯಲು ದಾಟಿದವರು, ಮರಳುಗಾಡಿನಲ್ಲಿ ದಿಕ್ಕು ತಪ್ಪಿದ ವ್ಯಾಪಾರಿಗಳು, ಯುದ್ಧಕ್ಕೆ ಹೆದರಿ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಗಡಿ ದಾಟಿದವರು, ತಿರುಗಿ ಬರುತ್ತೇವೆಂಬ ಭರವಸೆಯಿಲ್ಲದೆ ಕಾಶಿಗೆ ನಡೆದು ಹೋಗುತ್ತಿದ್ದ ನಮ್ಮ ಕಡೆಯವರು. ಇವರ ಬಗ್ಗೆ ಇತಿಹಾಸದಲ್ಲಿ, ಕಥೆ ಕಾವ್ಯಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಒಬ್ಬರಿಗೊಬ್ಬರು ಗುರುತೇ ಇಲ್ಲದ ಈ ಜನ ಒಂದು ಮಾತನ್ನು ಮಾತ್ರ ಹೆಚ್ಚು ಕಡಿಮೆ ಒಂದೇ ರೀತಿಯಲ್ಲಿ ಹೇಳಿದ್ದರು. ಇನ್ನು ಹೆಜ್ಜೆ ಎತ್ತಲಾರೆವು ಅನ್ನುವಾಗ ತಮ್ಮ ಜೊತೆ ಇನ್ನೊಬ್ಬರು ಯಾರೋ ನಡೆಯುತ್ತಿದ್ದರು ಎಂದು. ನನ್ನ ಪ್ರಬಂಧದಲ್ಲಿ ಇದಕ್ಕೆ ಒಂದೇ ಪ್ಯಾರಾ ಕೊಟ್ಟಿದ್ದೆ. ದಣಿದ ಮಿದುಳು ತನಗೊಂದು ಜೊತೆಯನ್ನು ಕಲ್ಪಿಸಿಕೊಳ್ಳುತ್ತದೆ ಎಂದು ಬರೆದು ಮುಂದಕ್ಕೆ ಹೋಗಿದ್ದೆ.

ನಮ್ಮ ಮನೆ ರಾಮನಗರದಲ್ಲಿ. ಅಮ್ಮ ಬಹಳ ವರ್ಷ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸ ಮಾಡಿದವಳು. ಗೂಡು ಬೇಯುವ ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಒಡೆದು ಒರಟಾಗಿವೆ. ಕೆಲಸ ಬಿಟ್ಟ ಮೇಲೂ ಆ ಬಿರುಕು ಮುಚ್ಚಲಿಲ್ಲ. ನಾನು ಡಿಗ್ರಿ ಓದುವಾಗ ಡೆಂಗಿ ಜ್ವರ ಬಂದು ಆಸ್ಪತ್ರೆಯಲ್ಲಿದ್ದೆ. ಮಗಳು ಉಳಿದರೆ ಮಾದಪ್ಪನ ಬೆಟ್ಟಕ್ಕೆ ಗಾಡಿ ಹತ್ತದೆ ನಡೆದೇ ಬರುತ್ತೇನೆ ಎಂದು ಅವಳು ಆಗ ಹರಕೆ ಹೊತ್ತಿದ್ದಳಂತೆ. ವರ್ಷ ವರ್ಷವೂ ಏನೋ ಅಡ್ಡ ಬಂದು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅವಳ ಮಂಡಿ ಕೆಟ್ಟಿತು. "ಈ ವರ್ಷ ಆಗ್ನಿಲ್ಲ ಅಂದ್ರೆ ಇನ್ ಆಗಾಕಿಲ್ಲ ಮಗ" ಎಂದು ಅವಳು ಶಿವರಾತ್ರಿಗೆ ಮುಂಚೆ ಚೀಲ ಕಟ್ಟಿದಾಗ ನಾನೂ ಹೊರಟೆ. ಭಕ್ತಿಯಿಂದಲ್ಲ, ಅವಳು ಎಲ್ಲಾದರೂ ಬಿದ್ದುಬಿಟ್ಟರೆ ಎಂಬ ಭಯದಿಂದ.

ನಮ್ಮ ಕಡೆ ಹೀಗೆ ನಡೆದು ಹೋಗುವ ತಂಡಕ್ಕೆ ಪರಸೆ ಎನ್ನುತ್ತಾರೆ. ನಮ್ಮ ಪರಸೆಯನ್ನು ನಡೆಸುತ್ತಿದ್ದವರು ಕನಕಪುರದ ಕಡೆಯ ಒಬ್ಬ ಹಿರಿಯರು. ಮಾದಪ್ಪನ ದೀಕ್ಷೆ ಪಡೆದವರನ್ನು ಕರೆಯುವ ಹಾಗೆ ಅವರನ್ನೂ ಎಲ್ಲರೂ ಗುಡ್ಡಪ್ಪ ಎನ್ನುತ್ತಿದ್ದರು. ಹೊರಡುವ ಮೊದಲು ಅವರು ಕಟ್ಟಳೆ ಹೇಳಿದರು. ದಾರಿ ಹಿಡಿದ ಮೇಲೆ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಯಾರು, ಯಾವೂರು, ಯಾರ ಮಗಳು ಎಂದು ಕೇಳುವಂತಿಲ್ಲ. ಎಲ್ಲರೂ ಪರಸೆಯವರು, ಅಷ್ಟೆ. ಹೊಸಬರ ಜೊತೆ ಮಾತಾಡಲು ಮೊದಲಿನಿಂದಲೂ ಹಿಂಜರಿಯುವ ನನಗೆ ಈ ಕಟ್ಟಳೆ ಬಹಳ ಹಿಡಿಸಿತು.

ಗುಡ್ಡಪ್ಪನವರಿಗೆ ಮಾತ್ರ ನನ್ನನ್ನು ಕಂಡರೆ ತಮಾಷೆ. "ಏನವ್ವ ಓದ್ದೋಳೇ, ಕಾಲು ತಂದಿದ್ದೀಯಾ, ಇಲ್ಲ ಪುಸ್ತಕದೊಳಗೇ ಮಡಗಿ ಬಂದ್ಬುಟ್ಯಾ?" ಎನ್ನುವರು. "ನಮ್ಮವ್ವನ ಕಾಲು ನೋಡಿ ಗುಡ್ಡಪ್ಪ, ನಂದಿರ್ಲಿ" ಎಂದರೆ, "ಅದುನ್ನ ನೋಡ್ಕಳಕ್ಕೆ ಮಾದಪ್ಪ ಅವ್ನೆ. ನಿನ್ನ ನೋಡ್ಕಳಕ್ಕೆ ಯಾರವ್ರೆ ಅನ್ನೋದೇ ಯೋಚ್ನೆ" ಎಂದು ನಗುವರು.

ಕನಕಪುರದವರೆಗೆ ಅಮ್ಮ ಚೆನ್ನಾಗಿಯೇ ನಡೆದಳು. ದೊಡ್ಡಾಲಹಳ್ಳಿ ದಾಟಿ ಕಾಡಿನ ಇಳಿಜಾರು ಶುರುವಾದಾಗ ಮಂಡಿ ಕೈಕೊಟ್ಟಿತು. ಅಲ್ಲಿಂದ ಕೆಳಗೆ ಎರಡು ಹೊಳೆ ಕೂಡುವ ಸಂಗಮ. ಹೊಳೆ ದಾಟಿದರೆ ಬೆಟ್ಟದ ಕಡೆಯ ಕಾಡು. ಬೆಳಕು ಹರಿಯುವ ಮುಂಚೆಯೇ ಹೊರಟಿದ್ದೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದೆ ಹೋಗುತ್ತಿದ್ದವರ ದನಿ ಕೇಳುತ್ತಿತ್ತು, ಜನ ಕಾಣುತ್ತಿರಲಿಲ್ಲ. ಅಮ್ಮ ದಾರಿ ಬದಿಯ ಕಲ್ಲಿನ ಮೇಲೆ ಕುಳಿತವಳು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮುಂದಿನವರ ದನಿಯೂ ನಿಂತಿತು.

ಸಾಮಾನಿನ ಟೆಂಪೊ ಹಿಂದೆ ಬರುತ್ತಿತ್ತು. ಅದು ಬಂದ ಕೂಡಲೇ ಹತ್ತಿಬಿಡೋಣ ಎಂದೆ.

"ಹತ್ತುದ್ರೆ ಹರಕೆ ಎಲ್ಲಿ ಉಳೀತದೆ? ನಿನ್ ಜೀವ ಕೇಳ್ಕಂಡು ಹೊತ್ತಿದ್ದು ಕಣೆ ಅದು. ನಾ ಹತ್ತಾಕಿಲ್ಲ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವಳನ್ನು ಎತ್ತಿ ನಿಲ್ಲಿಸಲು ನನ್ನೊಬ್ಬಳ ಕೈಯಲ್ಲಿ ಆಗಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ.

ಆಗ ಹಿಂದಿನಿಂದ ಒಬ್ಬ ಹೆಂಗಸು ಬಂದಳು. ತಲೆಗೆ ಟವಲು ಸುತ್ತಿದ್ದಳು. ವಯಸ್ಸು ನನ್ನಷ್ಟೇ ಇರಬಹುದು ಅನ್ನಿಸಿತು; ಮುಖ ಸರಿಯಾಗಿ ಕಾಣಲಿಲ್ಲ. "ಯಾಕವ್ವ ಕುಂತ್ಬುಟ್ರಿ? ಏಳಿ, ಹೊಳೆ ಇಲ್ಲೇ ಐತೆ" ಎಂದಳು. ಇಬ್ಬರೂ ಸೇರಿ ಅಮ್ಮನನ್ನು ಎಬ್ಬಿಸಿದೆವು. ಅಮ್ಮನ ಬಲಗೈಯಲ್ಲಿ ಊರುಗೋಲಿತ್ತು. ನಾನು ಎಡಬದಿಗೆ ನಿಂತು ಕೈ ಹಿಡಿದುಕೊಂಡೆ, ಇನ್ನೊಂದು ಕೈಯಲ್ಲಿ ಫೋನಿನ ಟಾರ್ಚ್ ಹಿಡಿದೆ. ಆ ಹೆಂಗಸು ಅಮ್ಮನ ಆಚೆ ಬದಿಗೆ ಹೋದಳೆಂದೇ ನನ್ನ ನೆನಪು.

ಆಮೇಲಿನ ನಡಿಗೆ ಈಗಲೂ ನನಗೆ ನಿದ್ದೆಯಲ್ಲಿ ನಡೆದಂತೆ ಅನ್ನಿಸುತ್ತದೆ. ಟಾರ್ಚಿನ ಬೆಳಕು ಮಂಜಿನೊಳಗೆ ಹಾಲಿನಂತೆ ಕದಡಿಕೊಂಡಿತ್ತು. ನನ್ನ ಕಣ್ಣು ಮುಂದಿನ ಒಂದೆರಡು ಮಾರು ನೆಲದ ಮೇಲೆಯೇ ಇತ್ತು. ಎಷ್ಟು ದೂರ ನಡೆದೆವೋ ತಿಳಿಯದು. ಅಮ್ಮನ ಉಸಿರು ಬಿಗಿಯಾದಾಗಲೆಲ್ಲ "ಇಲ್ಲೇ ಐತೆ, ಇನ್ನೊಸಿ" ಎಂಬ ಮಾತು ಕೇಳುತ್ತಿತ್ತು. ಅವಸರವಿಲ್ಲದ ದನಿ. ನನ್ನ ಹಿಡಿತದಲ್ಲಿದ್ದ ಕೈ ಬೆಚ್ಚಗಿತ್ತು, ನುಣುಪಾಗಿತ್ತು. ಅದು ನನಗೆ ಆಗಲೇ ಗೊತ್ತಾಗಿತ್ತು. ಚಳಿಗೆ ನನ್ನ ಬೆರಳು ಮರಗಟ್ಟಿರಬೇಕು ಅಂದುಕೊಂಡೆ. ನೀನು ಯಾರು ಎಂದು ಕೇಳಲಿಲ್ಲ. ಕಟ್ಟಳೆಯಿತ್ತಲ್ಲ. ಇಲ್ಲದಿದ್ದರೂ ನಾನು ಕೇಳುತ್ತಿರಲಿಲ್ಲವೇನೋ.

ನೀರಿನ ಸದ್ದು ಕೇಳಿತು. ಮುಂದೆ "ಉಘೇ ಮಾದಪ್ಪ" ಎಂಬ ಕೂಗು ಎದ್ದಿತು. ಅಮ್ಮ ಕೋಲು ಬಿಸಾಡಿ ಎರಡು ಕೈಯನ್ನೂ ಮೇಲೆತ್ತಿ ತಾನೂ ಕೂಗಿದಳು. ಮಂಜು ಹರಿದು ಹೊಳೆ ಕಂಡಿತು. ನಾನು ತಿರುಗಿ ನೋಡುವಷ್ಟರಲ್ಲಿ ಆ ಹೆಂಗಸು ಅಲ್ಲಿರಲಿಲ್ಲ. ಜನರೊಳಗೆ ಸೇರಿಕೊಂಡಿರಬೇಕು ಎಂದು ನಾನು ಹುಡುಕಲಿಲ್ಲ. ಅಮ್ಮ ಹೊಳೆ ದಾಟಿದಳು, ನಿಂತು ನಿಂತು ಬೆಟ್ಟವನ್ನೂ ಹತ್ತಿದಳು. ಹರಕೆ ತೀರಿತು.

ಊರಿಗೆ ಬಂದು ಕೆಲವು ದಿನಗಳಾಗಿದ್ದವು. ನಾನು ಅಮ್ಮನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದೆ. "ಆ ನಿನ್ ಸ್ನೇಹಿತೇನ ಒಂದಿನ ಊಟಕ್ಕೆ ಕರಿಯೇ" ಎಂದಳು.

"ಯಾವ ಸ್ನೇಹಿತೆ?"

"ಅದೇ ಕಣೆ, ಹೊಳೆ ಗಂಟ ಕರ್ಕಂಬಂದ್ಲಲ್ಲ. ನಿನ್ ಜೊತೆ ಓದೋಳೇನೋ ಅನ್ಕಂಡೆ."

ನಾನು ಅವಳನ್ನು ಅಮ್ಮನ ಪೈಕಿಯವಳು, ನೂಲಿನ ಘಟಕದ ಕಡೆಯವಳು ಅಂದುಕೊಂಡಿದ್ದೆ. ಇಬ್ಬರಿಗೂ ನಗು ಬಂತು. ಹಿಂದೆ ಬರುತ್ತಿದ್ದ ಬೇರೆ ಪರಸೆಯವಳಿರಬೇಕು ಎಂದೆ. ಈಗಲೂ ಅದೇ ಸರಿಯಾದ ವಿವರಣೆ ಇರಬಹುದು. ನಿನ್ನ ಬಲಬದಿಗೆ ಇದ್ದಳಲ್ಲ, ಮುಖ ನೋಡಿದೆಯಾ ಎಂದು ಕೇಳಿದೆ.

"ಬಲಗಡೆಗೆಲ್ಲಿದ್ಲು? ನಮ್ಮಿಬ್ಬರ ಮಧ್ಯ ಇದ್ಲು. ನನ್ ಸೊಂಟ ಬಳಸ್ಕಂಡಿದ್ಲು. ನೀನು ಆ ಕಡೆ ಅವಳ ಕೈ ಹಿಡ್ಕಂಡು ಟಾರ್ಚ್ ಬಿಡ್ತಿದ್ದೆ. ಗ್ಯಾನ ಇಲ್ವಾ ನಿಂಗೆ?"

ಎಣ್ಣೆ ತಿಕ್ಕುವುದನ್ನು ಮುಂದುವರಿಸಿದೆ.

ನೋವಿನಲ್ಲಿ ಅಮ್ಮನಿಗೇ ತಪ್ಪು ನೆನಪಾಗಿರಬಹುದು. ಆದರೆ ಕೆಲವೊಮ್ಮೆ ಬಸ್ಸಿನಿಂದ ಇಳಿಯುವಾಗ ಅವಳು ನನ್ನ ಕಡೆಗೆ ಕೈ ಚಾಚುತ್ತಾಳೆ. ನಾನು ಹಿಡಿಯುತ್ತೇನೆ. ಒಡೆದ ಬೆರಳ ತುದಿಗಳು ನನ್ನ ಅಂಗೈಗೆ ಚುಚ್ಚುತ್ತವೆ. ಕಣ್ಣು ಮುಚ್ಚಿದರೂ, ಎಂಥ ಚಳಿಯಲ್ಲೂ ಈ ಕೈಯನ್ನು ನಾನು ಗುರುತಿಸಬಲ್ಲೆ. ಹೊಳೆಯ ದಾರಿಯಲ್ಲಿ ನಾನು ಅಷ್ಟು ಹೊತ್ತು ಹಿಡಿದಿದ್ದದ್ದು ಈ ಕೈಯಲ್ಲ.